ಸೀರು ಉಳಿದರೆ ಹೇನು ಉಳಿದಂತೆ: ಬಾಲಕಿಯರ ನಿಲಯದಲ್ಲಿ ನನ್ನ ಅನುಭವ

ತಾಲ್ಲೂಕು ಕೇಂದ್ರವೊಂದರ ಬಾಲಕಿಯರ ವಿದ್ಯಾರ್ಥಿನಿಲಯದಲ್ಲಿ ಮೇಲ್ವಿಚಾರಕಿಯಾಗಿರುವ ನನಗೆ ಜೂನ್ ತಿಂಗಳಲ್ಲಿ ಒಮ್ಮೆ, ದಸರಾ ರಜೆ ಮುಗಿದ ಮೇಲೆ ಮತ್ತೊಮ್ಮೆ, ಮಕ್ಕಳ ತಲೆಯ ಹೇನು ತೆಗೆಸುವ ಕೆಲಸ ತಪ್ಪದೆ ಎದುರಾಗುತ್ತದೆ. ನಮ್ಮ ಹುಡುಗಿಯರು ಚಾಪೆಗೆ ಚಾಪೆ ತಾಗಿಸಿ ಮಲಗುತ್ತಾರೆ, ಬೆಳಿಗ್ಗೆ ಒಬ್ಬರಿಗೊಬ್ಬರು ಎರಡು ಜಡೆ ಹೆಣೆಯುತ್ತಾರೆ. ಹೇನು ಹಾರುವುದೂ ಇಲ್ಲ, ಜಿಗಿಯುವುದೂ ಇಲ್ಲ. ತಲೆಗೆ ತಲೆ ತಾಗಿದಾಗ ಒಬ್ಬರ ಕೂದಲಿನಿಂದ ಇನ್ನೊಬ್ಬರ ಕೂದಲಿಗೆ ಹರಿದು ಹೋಗುತ್ತದೆ. ನಿತ್ಯ ಸ್ನಾನ ಮಾಡುವ ಮಗುವಿಗೂ ಅದು ಹತ್ತುತ್ತದೆ. ಆದ್ದರಿಂದ ಹೇನಾದ ಮಗುವನ್ನು ಕೊಳಕು ಎಂದು ಹೀಯಾಳಿಸಲು ನಮ್ಮ ನಿಲಯದಲ್ಲಿ ನಾನು ಯಾರಿಗೂ ಬಿಡುವುದಿಲ್ಲ. ತಲೆಯ ಪರೀಕ್ಷೆ ನಡೆಯುವ ದಿನ ಅಡುಗೆಯವರ ಮತ್ತು ನನ್ನ ತಲೆಯೂ ಸೇರಿದಂತೆ ಎಲ್ಲರ ತಲೆಯನ್ನೂ ನೋಡಲಾಗುತ್ತದೆ. ಹಾಗಾಗಿ ಯಾವ ಹುಡುಗಿಯೂ ಒಂಟಿಯಾಗಿ ನಾಚಿಕೊಳ್ಳಬೇಕಾಗಿ ಬರುವುದಿಲ್ಲ.

ಭಾನುವಾರ ಬೆಳಿಗ್ಗೆ ಬಿಸಿಲು ಬೀಳುವ ಜಗಲಿಯಲ್ಲಿ ಕೂರಿಸಿ, ಕಿವಿಯ ಹಿಂದೆ ಮತ್ತು ಹೆಗ್ಗತ್ತಿನ ಮೇಲಿನ ಕೂದಲನ್ನು ಮೊದಲು ಬಿಡಿಸಿ ನೋಡುತ್ತೇನೆ. ಬೆಳೆದ ಹೇನು ಎಳ್ಳಿನ ಕಾಳಿನಷ್ಟಿರುತ್ತದೆ, ಬೆಳಕು ಬಿದ್ದ ಕೂಡಲೇ ಸರಿದು ಮರೆಯಾಗುತ್ತದೆ. ಸೀರನ್ನೂ (ಹೇನಿನ ಮೊಟ್ಟೆ) ತಲೆಹೊಟ್ಟನ್ನೂ ಗುರುತಿಸುವುದು ಕಷ್ಟವಲ್ಲ: ಹೊಟ್ಟು ಬೆರಳು ತಾಗಿದರೆ ಉದುರುತ್ತದೆ, ಸೀರು ಎಳೆಗೆ ಅಂಟು ಹಾಕಿದಂತೆ ಕಚ್ಚಿಕೊಂಡಿರುತ್ತದೆ. ಹೇನು ಕೂದಲಿನ ಬುಡದ ಹತ್ತಿರವೇ ಸೀರು ಇಡುತ್ತದೆ, ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, ಬುಡದಿಂದ ಅದಕ್ಕಿಂತ ದೂರದಲ್ಲಿ ಕಾಣುವ ಸೀರುಗಳು ಬಹುಪಾಲು ಒಡೆದುಹೋದ ಖಾಲಿ ಕೋಶಗಳು. ಅಂಥವನ್ನು ನೋಡಿ ಔಷಧಿ ಹಚ್ಚುವ ಅಗತ್ಯವಿಲ್ಲ. ಜೀವಂತ ಹೇನು ಸಿಕ್ಕ ಮಕ್ಕಳಿಗೆ ಮಾತ್ರ ನಾನು ಚಿಕಿತ್ಸೆ ಮಾಡಿಸುತ್ತೇನೆ.

ಚಿಕಿತ್ಸೆಗಿಂತ ಮೊದಲು, ಮನೆಗಳಲ್ಲಿ ನಡೆಯುವ ಎರಡು ಪ್ರಯೋಗಗಳ ವಿಷಯ ಹೇಳಲೇಬೇಕು. ಒಂದು ಸೀಮೆಎಣ್ಣೆ. ಅದು ನೆತ್ತಿಯ ಚರ್ಮವನ್ನು ಸುಡುತ್ತದೆ, ಒಲೆಯ ಕಿಡಿ ತಾಗಿದರೆ ಜೀವಕ್ಕೇ ಅಪಾಯ, ಮಗುವಿನ ಬಾಯಿಗೆ ಹೋಗಿ ಶ್ವಾಸಕೋಶ ಸೇರಿದರೆ ಇನ್ನೂ ಗಂಡಾಂತರ. ಇನ್ನೊಂದು ಸೀತಾಫಲದ ಬೀಜದ ಪುಡಿ. ರಜೆ ಮುಗಿಸಿ ಬಂದ ಆರನೆಯ ತರಗತಿಯ ಹುಡುಗಿಯೊಬ್ಬಳು ಬಾಗಿಲಲ್ಲೇ ಎರಡೂ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ರೆಪ್ಪೆ ಊದಿತ್ತು, ಬೆಳಕಿಗೆ ಮುಖ ಎತ್ತಲಾಗದೆ ನೀರು ಸುರಿಯುತ್ತಿತ್ತು. ಅಜ್ಜಿ ಆ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿದ್ದರು, ತಲೆ ತೊಳೆಯುವಾಗ ಅದು ಕಣ್ಣಿಗೆ ಇಳಿದಿತ್ತು. ನಲ್ಲಿಯ ಕೆಳಗೆ ಬಹಳ ಹೊತ್ತು ಕಣ್ಣು ತೊಳೆಸಿ ನೇತ್ರ ವೈದ್ಯರಲ್ಲಿಗೆ ಕರೆದೊಯ್ದೆ. ಕರಿಗುಡ್ಡೆಯ ಮೇಲ್ಪದರ ಕಿತ್ತುಹೋಗಿದೆ, ಈ ಬೀಜದಿಂದ ಹೀಗಾಗುವುದು ಹೊಸದೇನಲ್ಲ ಎಂದು ಅವರು ಹೇಳಿದರು. ಔಷಧಿಯಿಂದ ಕಣ್ಣು ಸರಿಹೋಯಿತು. ಅಂದಿನಿಂದ ಪ್ರತಿ ಪೋಷಕರ ಸಭೆಯಲ್ಲೂ ನಾನು ಮೊದಲು ಎತ್ತುವ ಮಾತು ಇದೇ. ಹೊಲಕ್ಕೆ ಹೊಡೆಯುವ ಕೀಟನಾಶಕವನ್ನಂತೂ ತಲೆಯ ಹತ್ತಿರಕ್ಕೂ ತರಬಾರದು.

ನಾವು ಬಳಸುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಸೂಚಿಸಿದ ಶೇ. 1ರ ಪರ್ಮೆಥ್ರಿನ್ ಲೋಷನ್. ಎಣ್ಣೆ ಹಚ್ಚಿದ ತಲೆಗೆ ಅದನ್ನು ಹಾಕುವುದಿಲ್ಲ. ಮೊದಲು ಕಂಡೀಷನರ್ ಇಲ್ಲದ ಸಾದಾ ಶಾಂಪೂವಿನಿಂದ ತೊಳೆಸಿ, ಟವೆಲ್‌ನಿಂದ ಒರೆಸಿ, ಕಣ್ಣಿಗೆ ಮಡಿಸಿದ ಬಟ್ಟೆ ಹಿಡಿಸಿ, ಬುಡದಿಂದ ತುದಿಯವರೆಗೆ ಹಚ್ಚಿ 10 ನಿಮಿಷ ಬಿಟ್ಟು ತೊಳೆಯುತ್ತೇವೆ. ಈ ಲೋಷನ್ ಹೇನನ್ನು ಕೊಲ್ಲುತ್ತದೆ, ಆದರೆ ಎಲ್ಲ ಸೀರನ್ನೂ ಕೊಲ್ಲುವುದಿಲ್ಲ. ಉಳಿದ ಸೀರು ಒಂದು ವಾರದಿಂದ ಹತ್ತು ದಿನಗಳೊಳಗೆ ಒಡೆದು ಮರಿ ಹೊರಬರುತ್ತದೆ, ಆ ಮರಿ ಬೆಳೆದು ಮೊಟ್ಟೆಯಿಡಲು ಮತ್ತೊಂದು ವಾರಕ್ಕೂ ಹೆಚ್ಚು ಬೇಕು. ಈ ನಡುವಿನ ಅವಧಿಯಲ್ಲಿ, ಅಂದರೆ ಒಂಬತ್ತನೆಯ ದಿನ, ಎರಡನೆಯ ಸುತ್ತು ಹಚ್ಚಿದರೆ ಹೇನಿನ ಸಂತತಿಯೇ ಕಡಿದುಹೋಗುತ್ತದೆ. ಔಷಧಿ ಕೆಲಸ ಮಾಡಲಿಲ್ಲ ಎಂದು ದೂರುವವರಲ್ಲಿ ಹೆಚ್ಚಿನವರು ಈ ಎರಡನೆಯ ಸುತ್ತನ್ನು ಬಿಟ್ಟವರೆಂಬುದು ನನ್ನ ಅನುಭವ. ಆದ್ದರಿಂದ ಆ ತಾರೀಖನ್ನು ಮೊದಲ ದಿನವೇ ಕಚೇರಿಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಬರೆದಿಡುತ್ತೇನೆ. ಹೇನಿರುವ ಎಲ್ಲ ಮಕ್ಕಳಿಗೂ ಒಂದೇ ದಿನ ಹಚ್ಚಬೇಕೆಂಬುದೂ ಅಷ್ಟೇ ಮುಖ್ಯ. ಲೋಷನ್ ಹಾಕಿದ ಮರುದಿನವೂ ಹೇನು ಮೊದಲಿನಷ್ಟೇ ಚುರುಕಾಗಿ ಹರಿದಾಡುತ್ತಿದ್ದರೆ ಅದನ್ನೇ ಮತ್ತೆ ಮತ್ತೆ ಸುರಿಯದೆ ವೈದ್ಯರಿಗೆ ತೋರಿಸುತ್ತೇನೆ. ಬೇರೆ ಲೋಷನ್ನೋ ಮಗುವಿನ ತೂಕ ನೋಡಿ ಕೊಡುವ ಮಾತ್ರೆಯೋ ಎಂಬುದನ್ನು ಅವರೇ ನಿರ್ಧರಿಸಬೇಕು. ಕೆರೆದು ಕೆರೆದು ನೆತ್ತಿಯಲ್ಲಿ ಕೀವಾಗಿದ್ದರೆ ಅಥವಾ ಕತ್ತಿನಲ್ಲಿ ಗಂಟು ಕಟ್ಟಿದ್ದರೆ ಲೋಷನ್‌ಗಿಂತ ಮೊದಲೇ ಅವರಲ್ಲಿಗೆ ಕಳಿಸುತ್ತೇನೆ.

ಎರಡು ಸುತ್ತಿನ ನಡುವೆ ಎರಡು ಮೂರು ದಿನಕ್ಕೊಮ್ಮೆ ಸೀರಣಿಗೆ ಹಾಕುವುದು ದೊಡ್ಡ ಹುಡುಗಿಯರ ಪಾಳಿ. ಒದ್ದೆ ಕೂದಲನ್ನು ಸಣ್ಣ ಸಣ್ಣ ಭಾಗ ಮಾಡಿ, ಹಲ್ಲು ನೆತ್ತಿಗೆ ತಾಗುವಂತೆ ಇಟ್ಟು ತುದಿಯವರೆಗೆ ಎಳೆದು, ಪ್ರತಿ ಸಲವೂ ಬಿಳಿ ಬಟ್ಟೆಗೆ ಒರೆಸಿ ನೋಡಬೇಕು. ಉದ್ದ ಹಲ್ಲಿನ ಸ್ಟೀಲ್ ಸೀರಣಿಗೆ ಪ್ಲಾಸ್ಟಿಕ್ಕಿಗಿಂತ ಚೆನ್ನಾಗಿ ಹಿಡಿಯುತ್ತದೆ. ತಲೆ ಬಿಟ್ಟ ಹೇನು ಒಂದೆರಡು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲವಾದ್ದರಿಂದ, ಹಿಂದಿನ ಎರಡು ದಿನ ಬಳಸಿದ ದಿಂಬಿನ ಚೀಲ, ಟವೆಲ್, ರಿಬ್ಬನ್‌ಗಳನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿದರೆ ಸಾಕು. ಕೋಣೆಗೆ ಔಷಧಿ ಸಿಂಪಡಿಸಬೇಕಾಗಿಲ್ಲ. ಮಗಳ ತಲೆ ಬೋಳಿಸಿಬಿಡಿ ಎನ್ನುವ ಪೋಷಕರೂ ಇದ್ದಾರೆ. ಹನ್ನೆರಡು ವರ್ಷದ ಹುಡುಗಿಗೆ ಅದು ಎಷ್ಟು ನೋವಿನ ವಿಷಯವೆಂದು ಬಲ್ಲೆನಾದ್ದರಿಂದ ಆ ಮಾತಿಗೆ ನಾನು ಒಪ್ಪುವುದಿಲ್ಲ.

ರಜೆಗೆ ಹೊರಡುವ ದಿನ ಪ್ರತಿ ಮಗುವಿನ ಕೈಯಲ್ಲಿ ಒಂದು ಚೀಟಿ ಕೊಡುತ್ತೇನೆ: ಮನೆಯಲ್ಲಿ ತಂಗಿ ತಮ್ಮಂದಿರ ತಲೆಯನ್ನೂ, ಜೊತೆಯಲ್ಲಿ ಮಲಗುವ ಅಮ್ಮ ಅಜ್ಜಿಯರ ತಲೆಯನ್ನೂ ನೋಡಿ, ಹೇನಿದ್ದರೆ ಎಲ್ಲರಿಗೂ ಒಂದೇ ದಿನ ಚಿಕಿತ್ಸೆ ಮಾಡಿಸಬೇಕೆಂದು ಅದರಲ್ಲಿ ಬರೆದಿರುತ್ತದೆ. ಮರಳಿ ಬಂದ ಮೊದಲ ಭಾನುವಾರ ಜಗಲಿಯಲ್ಲಿ ಮತ್ತೆ ಎಲ್ಲರ ತಲೆಯ ಪರೀಕ್ಷೆ ನಡೆಯುತ್ತದೆ.