ಮೋಸ ಹೋದ ವಸ್ತುಗಳನ್ನು ನಾನು ಮಾರಲಿಲ್ಲ

ಹಳೇ ವಸ್ತು ಸಂಗ್ರಹಿಸಲು ಶುರು ಮಾಡಿದವರಿಗೆ ಅನುಭವಸ್ಥರು ಕೊಡುವ ಬುದ್ಧಿಮಾತು ಒಂದೇ. ನಕಲಿ ಕೈಗೆ ಬಂತಾ, ಸಿಕ್ಕಷ್ಟಕ್ಕೆ ಮಾರಿ ಕೈ ತೊಳೆದುಕೋ. ನಾನು ಆ ಮಾತು ಕೇಳಲಿಲ್ಲ. ಗೊತ್ತಿದ್ದೂ ಮಾರಿದರೆ ಇನ್ನೊಬ್ಬರು ಮೋಸ ಹೋಗುತ್ತಾರೆ, ಅದೊಂದು ಕಾರಣ. ಇನ್ನೊಂದು, ಅಷ್ಟು ದುಡ್ಡು ಕೊಟ್ಟು ತಂದದ್ದರಿಂದ ಏನಾದರೂ ಕಲಿಯಲೇಬೇಕು ಅನ್ನುವ ಹಟ. ಅವಕ್ಕೇ ಅಂತ ಒಂದು ಕಪಾಟು ಮಾಡಿಸಿದೆ. ಗೆಳೆಯರು ಅದಕ್ಕೆ ದಂಡದ ಕಪಾಟು ಅಂತ ಹೆಸರಿಟ್ಟರು. ಇವತ್ತು ನನ್ನ ಸಂಗ್ರಹದಲ್ಲಿರುವ ಅತಿ ಒಳ್ಳೆಯ ವಸ್ತು ನನಗೆ ಸಿಕ್ಕಿದ್ದೇ ಆ ಕಪಾಟಿನಿಂದ.

ಮೊದಲ ನಾಲ್ಕು ವರ್ಷದಲ್ಲಿ ಕಳೆದುಕೊಂಡದ್ದು ಒಟ್ಟು ಹತ್ತು ತಿಂಗಳ ಸಂಬಳದಷ್ಟಿರಬೇಕು. ಸರಿಯಾದ ಲೆಕ್ಕ ಇಲ್ಲ. ಕಪಾಟಿಗೆ ಹೋದವು 17 ವಸ್ತುಗಳು.

ಮೊದಲನೆಯದು ಒಂದು ದೀಪದ ಕಂಬದ ಗೊಂಬೆ. ಅಯಸ್ಕಾಂತ ಹಿಡಿದೆ, ಅಂಟಲಿಲ್ಲ. ಕಂಚೇ ಅಂತ ತಂದೆ. ಸತುವಿಗೂ ಅಯಸ್ಕಾಂತ ಅಂಟುವುದಿಲ್ಲ ಅನ್ನುವುದು ಆ ಹೊತ್ತಿಗೆ ತಲೆಗೆ ಬರಲಿಲ್ಲ. ಮನೆಗೆ ಬಂದು ಅಡಿಯಲ್ಲಿ ಸಣ್ಣಗೆ ಗೀರಿದಾಗ ಬೂದು ಬಣ್ಣ ಕಂಡಿತು. ಕಂಚಾಗಿದ್ದರೆ ಹೊಂಬಣ್ಣ ಕಾಣಬೇಕಿತ್ತು. ಅಡಿಗೆ ಹಸಿರು ಬಟ್ಟೆ ಅಂಟಿಸಿದ್ದರು. ಅದನ್ನು ಎತ್ತಿ ನೋಡಬಹುದಾ ಅಂತ ಕೇಳಲು ಅಂಗಡಿಯಲ್ಲಿ ನನಗೆ ಸಂಕೋಚವಾಗಿತ್ತು. ಈಗ ಕೇಳಿಯೇ ಕೇಳುತ್ತೇನೆ. ಬೇಡ ಅಂದರೆ ಎದ್ದು ಬರುತ್ತೇನೆ.

ಆಮೇಲೆ ಮರದ ಪೆಟ್ಟಿಗೆ. ಇನ್ನೂರು ವರ್ಷದ್ದು ಅಂದರು. ಮನೆಯಲ್ಲಿ ಕೀಲು ಬಿಚ್ಚಿದರೆ ಒಳಗೆ ಪ್ಲಸ್ ತಲೆಯ ಸ್ಕ್ರೂ. ಆ ಸ್ಕ್ರೂ ಬಂದದ್ದೇ 1930ರ ದಶಕದಲ್ಲಿ. ಬಿಚ್ಚಿದ ಮೇಲೆ ಹಲಗೆಯ ಒಳಮೈ ನೋಡಿದೆ, ಅದೂ ಹೊಸದೇ. ಆದರೆ ಇದರಿಂದ ನಾನು ಕಲಿತದ್ದು ಅರ್ಧ ಪಾಠ. ಮುಂದಿನ ವರ್ಷ ಇನ್ನೊಂದು ಪೆಟ್ಟಿಗೆ ನೋಡಿದಾಗ ಒಂದೇ ಒಂದು ಪ್ಲಸ್ ಸ್ಕ್ರೂ ಕಂಡಿತು. ಮುಖ ತಿರುಗಿಸಿ ಬಂದೆ. ಗೆಳೆಯರೊಬ್ಬರು ಅದನ್ನೇ ಕೊಂಡರು. ಉಳಿದ ಏಳು ಸ್ಕ್ರೂಗಳೂ ಕೈಯಿಂದ ಮಾಡಿದವು. ತುದಿ ಮೊಂಡು, ತಲೆಯ ಗೀರು ನಡುವಿಗಿಲ್ಲ. ಯಾರೋ ಎಂದೋ ಒಂದನ್ನು ಮಾತ್ರ ಬದಲಿಸಿದ್ದರು, ಅಷ್ಟೇ. ಹೀಗೆ ಬಿಟ್ಟು ಬಂದದ್ದನ್ನು ಕಪಾಟಿನಲ್ಲಿ ಇಡಲಾಗುವುದಿಲ್ಲವಲ್ಲ. ಅದಕ್ಕೇ ಪುಸ್ತಕ ಇಟ್ಟೆ.

ಮೂರನೆಯ ತಪ್ಪು ಹೇಳಲು ಈಗಲೂ ಹೊಟ್ಟೆ ಉರಿಯುತ್ತದೆ. ನಿಜವಾಗಿ ಹಳೆಯ ಕಂಚಿನ ತಟ್ಟೆ. ನಾನೇ ಕೂತು, ಎರಡು ಸಂಜೆ ಉಜ್ಜಿ, ಕನ್ನಡಿ ತರ ಹೊಳೆಯುವ ಹಾಗೆ ಮಾಡಿದೆ. ನೂರಾರು ವರ್ಷ ಕೂತ ಬಣ್ಣ ಹೋಯಿತು. ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಅದು ನಕಲಿ ಅಲ್ಲ, ಆದರೂ ದಂಡದ ಕಪಾಟಿನಲ್ಲೇ ಇದೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಜಿಂಕೆ. ತಲೆ ತಿರುಗಿಸಿ ನಿಂತ ಕಂಚಿನ ಜಿಂಕೆ, ಒಂದು ಮೊಳಕ್ಕಿಂತ ಚಿಕ್ಕದು. ಎರಡು ತಿಂಗಳ ಸಂಬಳ ಕೊಟ್ಟೆ. ಲೋಹ ನಿಜವಾದ ಕಂಚೇ, ಅದರಲ್ಲಿ ಮೋಸ ಇಲ್ಲ. ಆದರೆ ಅದು ಮರುಎರಕ. ಯಾವುದೋ ಹಳೇ ಜಿಂಕೆಯ ಮೇಲೆ ಅಚ್ಚು ತೆಗೆದು ಹೊಸದಾಗಿ ಸುರಿದದ್ದು. ಗೊರಸಿನ ಸೀಳು ತುಂಬಿಹೋಗಿತ್ತು. ಕತ್ತಿನ ಕೂದಲು ನೀರಲ್ಲಿ ನೆನೆದ ಸಾಬೂನಿನ ತರ ನುಣ್ಣಗಿತ್ತು. ನಾನು ಅದನ್ನು ಹಳೇದಾಗಿ ಸವೆದದ್ದು ಅಂದುಕೊಂಡಿದ್ದೆ. ಸವೆತ ಕೈ ತಾಗುವ ಕಡೆ ಇರಬೇಕು, ಅಲ್ವಾ? ಹೊಟ್ಟೆಯ ಕೆಳಗೆ ಯಾರು ಸವರುತ್ತಾರೆ?

ಇಷ್ಟಾದ ಮೇಲೆ ಒಂದು ವರ್ಷ ಏನೂ ಕೊಳ್ಳಬಾರದು ಅಂತ ನಿರ್ಧರಿಸಿದೆ. ಕಪಾಟಿನ 17 ವಸ್ತುಗಳನ್ನೂ ಒಂದೊಂದಾಗಿ ತೆಗೆದು ಪುಸ್ತಕದಲ್ಲಿ ಮೂರು ಸಾಲು ಬರೆದೆ. ಕೊಳ್ಳುವಾಗ ಏನು ನೋಡಿದೆ, ಏನು ಇದ್ದರೆ ಚೆನ್ನಾಗಿತ್ತು ಅಂತ ಆಸೆಪಟ್ಟೆ, ಏನನ್ನು ನೋಡಲೇ ಇಲ್ಲ. ಎರಡನೆಯ ಸಾಲೇ ಕಷ್ಟ. ಜಿಂಕೆಗೆ ಅಲ್ಲಿ ಬರೆದದ್ದು: 'ಗುರುತಿನ ಮುದ್ರೆ ಕಂಡ ಕೂಡಲೇ ಉಳಿದದ್ದು ನೋಡುವುದು ಬಿಟ್ಟೆ.' ಮರುಎರಕದಲ್ಲಿ ಮುದ್ರೆಯೂ ಬರುತ್ತದೆ. ಪುಸ್ತಕ ತುಂಬಿದ ಮೇಲೆ ಇನ್ನೊಂದು ವಿಷಯ ಕಂಡಿತು. 17ರಲ್ಲಿ 11 ವಸ್ತುಗಳನ್ನು ನಾನು ಕೊಂಡದ್ದು ಹತ್ತು ನಿಮಿಷದೊಳಗೆ. ಹೆಚ್ಚಿನವು ಸಂಜೆ ಬೆಳಕಲ್ಲಿ, 'ಇನ್ನೊಬ್ಬರು ಕೇಳಿ ಹೋಗಿದ್ದಾರೆ' ಅನ್ನುವ ಮಾತು ಕೇಳಿ.

ಅದೇ ವರ್ಷ ನೀರಲ್ಲಿ ತೂಗುವ ಹುಚ್ಚೂ ಹಿಡಿಯಿತು. ಯಾವ ಲೋಹ ಅಂತ ತಿಳಿಯಲು. ಬಕೆಟ್ಟನ್ನು ತಕ್ಕಡಿ ಮೇಲಿಟ್ಟು, ವಸ್ತುವನ್ನು ದಾರದಲ್ಲಿ ತಳ ಮುಟ್ಟದ ಹಾಗೆ ಮುಳುಗಿಸಿದರೆ ಎಷ್ಟು ಗ್ರಾಂ ಜಾಸ್ತಿ ತೋರಿಸುತ್ತೋ ಅಷ್ಟು ಘನ ಸೆಂಟಿಮೀಟರ್. ಒಣ ತೂಕವನ್ನು ಅದರಿಂದ ಭಾಗಿಸಬೇಕು. ಸತು 7ರ ಹತ್ತಿರ, ಹಿತ್ತಾಳೆ 8.5, ಕಂಚು 8.8, ಬೆಳ್ಳಿ 10.5ರ ಹತ್ತಿರ ಬರಬೇಕು. ಘನವಾದ ಸಣ್ಣ ವಸ್ತುಗಳಿಗೆ ಇದು ಬಹಳ ಚೆನ್ನಾಗಿ ಕೆಲಸ ಮಾಡಿತು. ಪೊಳ್ಳು ಗೊಂಬೆಗಳಲ್ಲಿ ಗಾಳಿ ಸಿಕ್ಕಿಕೊಂಡು ಲೆಕ್ಕ ತಪ್ಪುತ್ತದೆ. ಒಂದರ ಹೊಟ್ಟೆಯಲ್ಲಿ ಪ್ಲಾಸ್ಟರ್ ತುಂಬಿದ್ದು ಗೊತ್ತಾಗದೆ ಮುಳುಗಿಸಿಬಿಟ್ಟೆ. ಅದು ನೀರು ಕುಡಿಯಿತು. ಎರಡು ತಿಂಗಳಲ್ಲಿ ಅಡಿಯ ಸುತ್ತ ತಿಳಿ ಹಸಿರು ಪುಡಿ ಏಳಲು ಶುರುವಾಯಿತು. ಸಾಮಾನ್ಯ ಕಿಲುಬಲ್ಲ, ಒಳಗಿಂದ ತಿನ್ನುವ ಜಾತಿಯದು. ಒಣ ಡಬ್ಬಿಯಲ್ಲಿಟ್ಟು ಅದನ್ನು ತಡೆಯಲು ಒಂದು ವರ್ಷ ಬೇಕಾಯಿತು. ಗೊಂಬೆಯನ್ನು ನೀರಿಗೆ ಇಳಿಸುವ ಮೊದಲು ಹತ್ತು ಸಲ ಯೋಚಿಸಿ.

ನೇರಳಾತೀತ ದೀಪದ ಪ್ರಯೋಗ ಇದಕ್ಕಿಂತ ಅಗ್ಗ. ಅಡಿಗೆ ಅಂಟಿಸಿದ ಹಳೇ ಚೀಟಿ ಆ ಬೆಳಕಲ್ಲಿ ನೀಲಿ ಬಿಳಿಯಾಗಿ ಹೊಳೆದರೆ ಕಾಗದ ಹೊಸದು. ಹಾಗೆ ಹೊಳೆಯುವ ರಾಸಾಯನಿಕವನ್ನು ಕಾಗದಕ್ಕೆ ಸೇರಿಸಲು ಶುರು ಮಾಡಿದ್ದು ಹೆಚ್ಚುಕಡಿಮೆ 1950ರ ಹೊತ್ತಿಗೆ. ನನ್ನ ಕಪಾಟಿನ ನಾಲ್ಕು ಚೀಟಿಗಳಲ್ಲಿ ಮೂರು ಹೊಳೆದವು.

ಈಗ ಜಿಂಕೆಯ ವಿಷಯಕ್ಕೆ ಬರುತ್ತೇನೆ. ಆರು ವರ್ಷ ಆದ ಮೇಲೆ ಒಂದು ಹರಾಜಿಗೆ ಮುಂಚಿನ ಪ್ರದರ್ಶನದಲ್ಲಿ ಅದೇ ರೂಪದ ಇನ್ನೊಂದು ಜಿಂಕೆ ಕಂಡಿತು. ಮೇಲೆಲ್ಲ ಕಪ್ಪು ಪೇಂಟು ಬಳಿದಿದ್ದರು. ಜೊತೆಗಿದ್ದ ಇಬ್ಬರೂ ಅನುಭವಸ್ಥರೇ. 'ನಿಮ್ಮ ಕಪಾಟಿನದರ ತಮ್ಮ' ಅಂದುಬಿಟ್ಟರು. ನಾನು ಸುಮ್ನೆ ಅಳತೆ ತೆಗೆದೆ. ನನ್ನದು 258 ಮಿಲಿಮೀಟರ್ ಅನ್ನುವುದು ಪುಸ್ತಕದಲ್ಲಿತ್ತು. ಇದು 263 ಬಂತು. ಕೊಂಬಿನಿಂದ ಕೊಂಬಿಗೆ, ಗೊರಸಿನಿಂದ ಗೊರಸಿಗೆ, ಹೀಗೆ ಐದು ಕಡೆ ಅಳೆದೆ. ಎಲ್ಲ ಕಡೆಯೂ ನೂರಕ್ಕೆ ಸುಮಾರು ಎರಡರಷ್ಟು ದೊಡ್ಡದು. ಕರಗಿದ ಕಂಚು ತಣ್ಣಗಾಗುವಾಗ ಕುಗ್ಗುವುದು ಹೆಚ್ಚುಕಡಿಮೆ ಅಷ್ಟೇ. ಅಂದರೆ ನನ್ನ ಜಿಂಕೆಯನ್ನು ಇಂಥದ್ದೇ ಒಂದರ ಮೇಲಿಂದ ಅಚ್ಚು ತೆಗೆದು ಎರೆದಿದ್ದರು.

ಅಳತೆ ಒಂದನ್ನೇ ನಂಬಬೇಡಿ. ದೊಡ್ಡದಿದ್ದದ್ದೂ ಇನ್ನೊಂದರ ಮರುಎರಕ ಇರಬಹುದು. ಹಳೇ ಕಾರ್ಖಾನೆಗಳೇ ಒಂದು ಶಿಲ್ಪವನ್ನು ನಾಲ್ಕಾರು ಅಳತೆಯಲ್ಲಿ ಮಾರುತ್ತಿದ್ದವು. ಫ್ರಾನ್ಸಿನಲ್ಲಿ ಅಶೀಲ್ ಕೊಲಾಸ್ ಕಂಡುಹಿಡಿದ ಕಿರಿದು ಮಾಡುವ ಯಂತ್ರವನ್ನು ಬಾರ್ಬೆಡಿಯನ್ ಕಾರ್ಖಾನೆ 1838ರಿಂದ ಇದಕ್ಕೇ ಬಳಸಿತು. ಆದರೆ ಅಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುವಷ್ಟಿರುತ್ತದೆ, ನೂರಕ್ಕೆ ಎರಡರಷ್ಟಲ್ಲ. ಅದಕ್ಕೇ ಗೊರಸು ನೋಡಿದೆ. ಪೇಂಟಿನ ಕೆಳಗೂ ಉಗುರು ಇಳಿಯುವಷ್ಟು ಸೀಳಿತ್ತು. ಕತ್ತಿನ ಕೂದಲಲ್ಲಿ ಉಳಿಯ ಗುರುತು ಬೆರಳಿಗೆ ಸಿಕ್ಕಿತು. ಇನ್ನೂ ಒಂದು ಕಡೆ ನೋಡಿದೆ. ಎರಡು ಜಿಂಕೆ ಪಕ್ಕಪಕ್ಕ ಇಟ್ಟುಕೊಂಡವರಿಗೆ ಮಾತ್ರ ಅದು ಕಾಣುತ್ತದೆ. ಆ ಜಾಗ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ, ನಕಲಿ ಮಾಡುವವರೂ ಓದುತ್ತಾರೆ.

ಹರಾಜಿನಲ್ಲಿ ಕೈ ಎತ್ತಿದವರು ನಾನು ಮತ್ತು ಇನ್ನೊಬ್ಬರು. ಅರ್ಧ ತಿಂಗಳ ಸಂಬಳಕ್ಕೆ ಸಿಕ್ಕಿತು, ನಕಲಿಗೆ ಕೊಟ್ಟದ್ದರ ಕಾಲು ಭಾಗ. ಪೇಂಟನ್ನು ನಾನು ಮುಟ್ಟಲಿಲ್ಲ. ತಟ್ಟೆಯ ನೆನಪು ಚೆನ್ನಾಗಿಯೇ ಇತ್ತು. ಲೋಹದ ವಸ್ತುಗಳ ಕೆಲಸವನ್ನೇ ಕಸುಬಾಗಿ ಮಾಡುವವರ ಕೈಗೆ ಕೊಟ್ಟೆ. ಮೂರು ತಿಂಗಳು ಹಿಡಿಯಿತು, ಕೂಲಿ ಜಿಂಕೆಯ ಬೆಲೆಗಿಂತ ಜಾಸ್ತಿಯಾಯಿತು. ಕೆಳಗಿನ ಕಂದು ಬಣ್ಣ ಹಾಗೇ ಉಳಿದಿತ್ತು. ಅದನ್ನು ನೋಡಿದ ಒಬ್ಬ ವ್ಯಾಪಾರಿ ನನ್ನ ಒಂದು ವರ್ಷದ ಸಂಬಳಕ್ಕೆ ಕೇಳಿದರು. 'ತಮ್ಮ' ಅಂದಿದ್ದ ಇಬ್ಬರಲ್ಲಿ ಒಬ್ಬರು ಈಗ ತಾವೂ ಒಂದು ಕಪಾಟು ಮಾಡಿಸಿದ್ದಾರೆ.

ನಾನು ಕೊಡಲಿಲ್ಲ. ಎರಡು ಜಿಂಕೆಯೂ ದಂಡದ ಕಪಾಟಿನ ನಡುವಿನ ಹಲಗೆಯಲ್ಲಿ ಪಕ್ಕಪಕ್ಕ ನಿಂತಿವೆ. ಹೊಸಬರು ಯಾರಾದರೂ ಕಲಿಯಲು ಬಂದರೆ ಮೊದಲು ಕಣ್ಣು ಮುಚ್ಚಿಸಿ ಎರಡನ್ನೂ ಕೈಗೆ ಕೊಡುತ್ತೇನೆ. ಹೆಚ್ಚಿನವರು ಮೊದಲ ಸಲ ನುಣ್ಣಗಿರುವುದನ್ನೇ ಹಳೇದು ಅನ್ನುತ್ತಾರೆ. ಗೊರಸು ಮುಟ್ಟಿ ನೋಡಿ ಅಂದ ಮೇಲೆ ಕೈ ತಾನಾಗಿ ಇನ್ನೊಂದರ ಕಡೆ ಹೋಗುತ್ತದೆ.