ಪರಮಾಣು ಮತ್ತು ಅಯಾನು: ನಾನು ಪಾಠ ಮಾಡುವ ಬಗೆ

ಅಯಾನಿನ ಪಾಠ ಬಂದಾಗ ನಾನು ವ್ಯಾಖ್ಯೆಯಿಂದ ಶುರು ಮಾಡುವುದಿಲ್ಲ. ಬೋರ್ಡಿನ ಮೇಲೆ ಎರಡೇ ಸಾಲು ಬರೆಯುತ್ತೇನೆ. ಸೋಡಿಯಂ ಪರಮಾಣು: ಪ್ರೋಟಾನ್ 11, ಎಲೆಕ್ಟ್ರಾನ್ 11. ಸೋಡಿಯಂ ಅಯಾನು: ಪ್ರೋಟಾನ್ 11, ಎಲೆಕ್ಟ್ರಾನ್ 10. ಯಾವುದು ಬದಲಾಯಿತು, ಯಾವುದು ಹಾಗೇ ಉಳಿಯಿತು? ಮಕ್ಕಳೇ ಹೇಳಬೇಕು.

"ಎಲೆಕ್ಟ್ರಾನ್ ಹೋಯ್ತು ಅಂದ್ರೆ ಮೈನಸ್ ಅಲ್ವಾ ಸರ್?" ಈ ಪ್ರಶ್ನೆ ಬಾರದ ಕ್ಲಾಸೇ ಇಲ್ಲ. ಪ್ರೋಟಾನಿಗೆ ಧನ (+) ವಿದ್ಯುದಂಶ, ಎಲೆಕ್ಟ್ರಾನಿಗೆ ಅಷ್ಟೇ ಋಣ (−) ವಿದ್ಯುದಂಶ ಅಂತ ನೆನಪಿಸಿ, ಸುಮ್ನೆ ಲೆಕ್ಕ ಮಾಡಿಸುತ್ತೇನೆ. ಪ್ರೋಟಾನ್ ಸಂಖ್ಯೆಯಲ್ಲಿ ಎಲೆಕ್ಟ್ರಾನ್ ಸಂಖ್ಯೆ ಕಳೆಯಿರಿ. 11ರಲ್ಲಿ 10 ಕಳೆದರೆ +1. ಕ್ಲೋರಿನ್‌ನಲ್ಲಿ 17 ಪ್ರೋಟಾನ್. ಒಂದು ಎಲೆಕ್ಟ್ರಾನ್ ಬಂದು ಸೇರಿ 18 ಆದರೆ −1. ಉತ್ತರ ಸೊನ್ನೆ ಬಂದರೆ ಅದು ತಟಸ್ಥ ಪರಮಾಣು, ಪ್ಲಸ್ಸೋ ಮೈನಸ್ಸೋ ಬಂದರೆ ಅಯಾನು.

ಆಮೇಲೆ ನಿಯಾನ್ ಅನ್ನುವ ಅನಿಲದ ಪರಮಾಣು ತರುತ್ತೇನೆ. ಅದರಲ್ಲೂ 10 ಎಲೆಕ್ಟ್ರಾನ್. ಹಾಗಾದರೆ ಸೋಡಿಯಂ ಈಗ ನಿಯಾನ್ ಆಯಿತೇ? ಇಲ್ಲ, ಪ್ರೋಟಾನ್ 11 ಇರುವವರೆಗೂ ಅದು ಸೋಡಿಯಮ್ಮೇ. ಆದರೆ ಗುಣ ಪೂರ್ತಿ ಬೇರೆ. ಸೋಡಿಯಂ ಲೋಹದ ಚೂರು ನೀರಿಗೆ ಬಿದ್ದರೆ ಜೋರಾಗಿ ವರ್ತಿಸಿ ಹೈಡ್ರೋಜನ್ ಬಿಡುತ್ತದೆ. ಸೋಡಿಯಂ ಅಯಾನು ಅದೇ ನೀರಿನಲ್ಲಿ ತೆಪ್ಪಗಿರುತ್ತದೆ. ಗಾತ್ರವೂ ಕುಗ್ಗುತ್ತದೆ: ಲೋಹದಲ್ಲಿ ಸುಮಾರು 186 ಪಿಕೋಮೀಟರ್ ಇದ್ದ ತ್ರಿಜ್ಯ ಅಯಾನಿನಲ್ಲಿ ಸುಮಾರು 102. ಎಲೆಕ್ಟ್ರಾನ್‌ಗಳ ಹೊರಗಿನ ಕವಚವೇ ಹೋಯಿತಲ್ಲ!

ನನಗೆ ಜಾಸ್ತಿ ಇಷ್ಟವಾದದ್ದು ಪ್ರಯೋಗದ ಭಾಗ. 9 ವೋಲ್ಟ್ ಬ್ಯಾಟರಿ, ಎಲ್‌ಇಡಿ, ಅದಕ್ಕೊಂದು ರೆಸಿಸ್ಟರ್, ಎರಡು ಪೆನ್ಸಿಲ್ ಕಡ್ಡಿ. ಡಿಸ್ಟಿಲ್ಡ್ ವಾಟರ್‌ನಲ್ಲಿ ಇಟ್ಟರೆ ದೀಪ ಹತ್ತುವುದಿಲ್ಲ. ಸಕ್ಕರೆ ಕರಗಿಸಿದರೂ ಇಲ್ಲ. ಒಣ ಉಪ್ಪಿಗೆ ಚುಚ್ಚಿದರೂ ಇಲ್ಲ. ಅದೇ ಉಪ್ಪು ನೀರಿಗೆ ಬಿದ್ದು ಕರಗಿದ ಕೂಡಲೇ ದೀಪ ಹತ್ತುತ್ತದೆ.

ಇಲ್ಲಿ ತುಂಬಾ ಜನ ಒಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ: ನೀರು ಸೇರಿದ ಮೇಲೆ ಅಯಾನು ಹುಟ್ಟಿತು ಅಂತ. ಹಾಗಲ್ಲ. ಉಪ್ಪಿನ ಹರಳಿನಲ್ಲಿ ಮೊದಲಿನಿಂದಲೂ ಇದ್ದದ್ದು ಅಯಾನುಗಳೇ. ಧನ, ಋಣ ಒಂದನ್ನೊಂದು ಬಿಗಿಯಾಗಿ ಹಿಡಿದಿದ್ದರಿಂದ ಅಲ್ಲಾಡಲು ಆಗುತ್ತಿರಲಿಲ್ಲ. ನೀರು ಆ ಹಿಡಿತ ಬಿಡಿಸಿತು, ಅಯಾನುಗಳು ಚಲಿಸಿ ವಿದ್ಯುತ್ ಹರಿಯಿತು, ಅಷ್ಟೇ. ಸುಮಾರು 801 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಕರಗಿಸಿದರೆ ನೀರಿಲ್ಲದೆಯೂ ಉಪ್ಪು ವಿದ್ಯುತ್ ಹರಿಸುತ್ತದೆ. ಇದನ್ನು ಮಾತ್ರ ಬಾಯಲ್ಲಿ ಹೇಳಿ ಮುಗಿಸುತ್ತೇನೆ, ಕ್ಲಾಸಿನಲ್ಲಿ ಮಾಡುವ ಕೆಲಸವಲ್ಲ.

ಮಾಡಿ ನೋಡುವವರಿಗೆ ಒಂದು ಮಾತು. ಬ್ಯಾಟರಿಯೇ ಸಾಕು, ಗೋಡೆಯ ಪ್ಲಗ್ ಬೇಡವೇ ಬೇಡ. ದೀಪ ಹತ್ತಿದ್ದು ಕಂಡ ಮೇಲೆ ಕಡ್ಡಿ ತೆಗೆದುಬಿಡಿ. ಹಾಗೇ ಬಿಟ್ಟರೆ ಒಂದು ಕಡ್ಡಿಯ ಬಳಿ ಹೈಡ್ರೋಜನ್, ಇನ್ನೊಂದರ ಬಳಿ ಕ್ಲೋರಿನ್ ಬರಲು ಶುರುವಾಗುತ್ತದೆ. ಕಿಟಕಿ ತೆರೆದಿರಲಿ.