ರೀಲು ಮುಟ್ಟದೆ ಸೆನ್ಸಾರ್ ಕತ್ತರಿಯ ಜಾಡು ಹಿಡಿದ ಬಗೆ

ಎರಡನೇ ಮಹಾಯುದ್ಧದ ಕಾಲದ ಹಿಂದಿ ಚಿತ್ರಗಳಲ್ಲಿ ಬ್ರಿಟಿಷ್ ಸರ್ಕಾರದ ಸೆನ್ಸಾರ್ ಎಲ್ಲೆಲ್ಲಿ ಕತ್ತರಿ ಆಡಿಸಿತ್ತು ಎಂಬುದನ್ನು ಬರೀ ಡಿಜಿಟಲ್ ಪ್ರತಿಯಿಂದ ಪತ್ತೆ ಹಚ್ಚಲಾಗದು ಎಂದು ಬಲ್ಲವರೇ ತಲೆಯಾಡಿಸಿದ್ದರು. 2003ರಲ್ಲಿ ಪುಣೆಯಲ್ಲಿ ಹಳೆಯ ಚಿತ್ರಗಳ ನೈಟ್ರೇಟ್ (ಬೇಗ ಹೊತ್ತಿಕೊಳ್ಳುವ ಹಳೇ ಬಗೆಯ ಫಿಲ್ಮ್) ರೀಲುಗಳು ಬೆಂಕಿಗೆ ಆಹುತಿಯಾದ ಮೇಲೆ ಮೂಲಕ್ಕಾಗಿ ಕಾಯುತ್ತ ಕೂರುವುದು ನನ್ನಿಂದಾಗಲಿಲ್ಲ. ಈಗ ದಾರಿ ಸಿಕ್ಕಿದೆ.

ಮೊದಲು ಉದ್ದದ ಲೆಕ್ಕ ಹಿಡಿದೆ. ಕಚ್ಚಾ ಫಿಲ್ಮಿನ ಅಭಾವದಿಂದ 1942ರಲ್ಲಿ ಚಿತ್ರಗಳಿಗೆ 11,000 ಅಡಿಯ ಮಿತಿ ಬಿತ್ತು. ಅಂದರೆ ಸುಮಾರು 122 ನಿಮಿಷ. ಸೆನ್ಸಾರ್ ವಿವರ ಅಚ್ಚಾಗುತ್ತಿದ್ದ ಸರ್ಕಾರಿ ಗೆಜೆಟ್‌ನ ಅಡಿಗೂ ಪ್ರತಿಯ ನಿಮಿಷಕ್ಕೂ ತಾಳೆ ನೋಡಿದರೆ ಮುಗಿಯಿತಲ್ಲ ಎನಿಸುತ್ತದೆ. ಆದರೆ ಫಿಲ್ಮು ಸೆಕೆಂಡಿಗೆ 24 ಫ್ರೇಮ್ ಓಡಿದರೆ, ಪಾಲ್ (ನಮ್ಮ ಟಿವಿಗಳ ಪದ್ಧತಿ) ಡಿವಿಡಿ 25 ಫ್ರೇಮ್ ಓಡಿಸುತ್ತದೆ. ಒಂದು ಫ್ರೇಮೂ ಕಳೆಯದೆ ಐದು ನಿಮಿಷ ಮಾಯ! ಮೇಲಾಗಿ ಮಾರುಕಟ್ಟೆಯ ಪ್ರತಿಗಳಲ್ಲಿ ಹಾಡುಗಳನ್ನೇ ಹಾರಿಸಿರುತ್ತಾರೆ. ಇಂಥವಕ್ಕೆ ಹತ್ತು ಹನ್ನೆರಡು ಸಾವಿರ ರೂಪಾಯಿ ಸುರಿದೆ. ಗೆಜೆಟ್ ಪುಟಗಳ ನಕಲು ಮತ್ತು ಓಡಾಟಕ್ಕೆ ಅದರ ಎರಡರಷ್ಟು ಹೋಯಿತು. ಒಂದು ಪೈಸೆಯೂ ಹುಟ್ಟಲಿಲ್ಲ.

ಕೈಹಿಡಿದದ್ದು ಸದ್ದು. 35 ಮಿ.ಮೀ. ಫಿಲ್ಮಿನಲ್ಲಿ ಧ್ವನಿಪಟ್ಟಿ ಚಿತ್ರಕ್ಕಿಂತ ಸುಮಾರು 20 ಫ್ರೇಮ್ ಮುಂದಿರುತ್ತದೆ. ಮುದ್ರಿತ ಪ್ರತಿಯನ್ನೇ ಕತ್ತರಿಸಿ ಅಂಟಿಸಿದ್ದರೆ, ಆ ಅಂಟು ಪ್ರೊಜೆಕ್ಟರಿನಲ್ಲಿ ಸದ್ದು ಓದುವ ಜಾಗಕ್ಕೆ ಚಿತ್ರದ ಕಿಂಡಿ ದಾಟಿದ ಮೇಲೆ ಬರುವುದರಿಂದ, ಚಿತ್ರ ಮೊದಲು ಜಿಗಿಯುತ್ತದೆ, ಸದ್ದು ಮುಕ್ಕಾಲು ಸೆಕೆಂಡಿಗೂ ತುಸು ತಡವಾಗಿ ಜಿಗಿಯುತ್ತದೆ. ತೆರೆಯ ಮೇಲೆ ನದಿ ಬಂದಿದ್ದರೂ ಹಿಂದಿನ ದೃಶ್ಯದ ಭಾಷಣಕಾರನ ಮಾತು ಒಂದು ಕ್ಷಣ ಮುಂದುವರಿದು, ಪದದ ನಡುವೆಯೇ ತುಂಡಾಗುತ್ತದೆ. ಆ ಪ್ರತಿಯಿಂದ ಮರುಮುದ್ರಿಸಿದರೂ ಈ ಅಂತರ ಉಳಿಯುತ್ತದೆ. ಪ್ರತಿಗಳನ್ನು ಮುದ್ರಿಸುವ ಮೂಲ ನೆಗೆಟಿವ್‌ನಲ್ಲೇ ಕತ್ತರಿ ಬಿದ್ದಿದ್ದರೆ ಮಾತ್ರ ಈ ಉಪಾಯ ನಡೆಯದು.

ಹರಿದು ಅಂಟಿಸಿದ ರೀಲೂ ಹೀಗೆಯೇ ಜಿಗಿಯುತ್ತದೆ, ನಿಜ. ಆದರೆ ಸವೆತ ಹೆಚ್ಚಾಗಿ ರೀಲಿನ ತುದಿಗಳಲ್ಲಿ, ಸುತ್ತಮುತ್ತ ಗೀರುಗಳೊಂದಿಗೆ ಇರುತ್ತದೆ. ಸೆನ್ಸಾರ್ ಕಡಿತದ ಅಕ್ಕಪಕ್ಕ ಚಿತ್ರ ಸ್ವಚ್ಛ. ಅನುಮಾನದ ಜಾಗಗಳನ್ನು ಜರಡಿ ಹಿಡಿಯಲು ಇನ್ನೂ ಎರಡು ಗುರುತುಗಳಿವೆ. ಅವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಸೆನ್ಸಾರ್ ದಾಟಿ ಬಂದ ಹಾಡಿನ ಮೇಲೂ ಇದನ್ನು ಓಡಿಸಿ ನೋಡಬೇಕೆನಿಸಿತು. 1943ರ ‘ಕಿಸ್ಮತ್’ ಚಿತ್ರಕ್ಕೆ ಕವಿ ಪ್ರದೀಪ್ ಬರೆದ ‘ದೂರ್ ಹಟೋ’ (ದೂರ ಸರಿಯಿರಿ) ಹಾಡನ್ನು ಆರಿಸಿಕೊಂಡೆ. ಜರ್ಮನ್, ಜಪಾನಿ ಎಂಬ ಹೆಸರುಗಳಿದ್ದುದರಿಂದ ಅದು ಸೆನ್ಸಾರ್ ಕಣ್ಣು ತಪ್ಪಿಸಿತು; ಜನರಿಗೆ ಮಾತ್ರ ಹಾಡು ಯಾರಿಗೆ ತಾಗುತ್ತದೆಂದು ಚೆನ್ನಾಗಿ ಗೊತ್ತಿತ್ತು. ಎಂಥ ಎದೆಗಾರಿಕೆಯ ಬರವಣಿಗೆ!

ಕೊನೆಗೆ, ನಂಬದ ಗೆಳೆಯರೊಬ್ಬರು ಕಡಿತದ ವಿವರವನ್ನು ತಮ್ಮಲ್ಲೇ ಇಟ್ಟುಕೊಂಡು ಒಂದು ಪ್ರತಿಯನ್ನಷ್ಟೇ ಕೊಟ್ಟರು. ನಾನು ತೋರಿಸಿದ ಜಾಗಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಅವರ ಕಾಗದದಲ್ಲಿದ್ದವು. ಮರುಮಾತಿಲ್ಲದೆ ಒಪ್ಪಿಕೊಂಡರು.

ಆಗ ಮುಂಬಯಿ, ಕಲ್ಕತ್ತ, ಮದರಾಸು, ಲಾಹೋರ್‌ಗಳಲ್ಲಿ ಬೇರೆಬೇರೆ ಮಂಡಳಿಗಳಿದ್ದವು. ಒಂದು ಬಿಟ್ಟದ್ದನ್ನು ಇನ್ನೊಂದು ಕತ್ತರಿಸಬಹುದಿತ್ತು. ಮುಂಬಯಿಯದು ನನ್ನಲ್ಲಿ ಸಾಕಷ್ಟಿದೆ. ಬಂಗಾಳದ ಗೆಜೆಟ್ ಪುಟಗಳು ಯಾರಲ್ಲಾದರೂ ಇದ್ದರೆ ನನ್ನ ಪಟ್ಟಿಯನ್ನು ಪೂರ್ತಿಯಾಗಿ ಕೊಡುತ್ತೇನೆ.